ರೆಟಿನಾದಲ್ಲಿ ಹೊಸ ರಕ್ತನಾಳ: ಪದೇ ಪದೇ ಕೇಳುವ ಪ್ರಶ್ನೆಗಳು

ರೆಟಿನಾ ವಿಭಾಗದ ಹೊರಗೆ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಕೂತವರು ಕೇಳುವ ಪ್ರಶ್ನೆಗಳಿವು. ಫೋನಿನಲ್ಲಿ, ಪತ್ರದಲ್ಲಿ ಬಂದವೂ ಇವೆ. ಅವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಕೇಳಿದವರಲ್ಲಿ ಜಾಸ್ತಿ ಮಂದಿ ಶುಗರ್ ಇರುವವರು, ಹಾಗಾಗಿ ಉತ್ತರಗಳೂ ಆ ಕಡೆಗೇ ವಾಲಿವೆ. ನಿಮ್ಮ ಕಣ್ಣನ್ನು ನೋಡಿದ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೇಳಿ.

## ಮೊದಮೊದಲ ಪ್ರಶ್ನೆಗಳು

ಕಣ್ಣೊಳಗೆ ಹೊಸ ರಕ್ತನಾಳ ಬೆಳೆದಿದೆ ಅಂದ್ರು. ರಕ್ತನಾಳ ಜಾಸ್ತಿ ಆದ್ರೆ ಒಳ್ಳೇದೇ ಅಲ್ವಾ?

ಹಾಗನ್ನಿಸುವುದು ಸಹಜ. ಆದರೆ ಈ ನಾಳಗಳು ಬೇಕಾದ ಕಡೆ ಬೆಳೆಯುವುದಿಲ್ಲ, ಗಟ್ಟಿಯಾಗಿಯೂ ಇರುವುದಿಲ್ಲ.

ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡ ತೆಳುವಾದ ಪದರವೇ ರೆಟಿನಾ. ಬೆಳಕು ಬೀಳುವುದು ಅದರ ಮೇಲೆ. ಅದಕ್ಕೆ ಸದಾ ಆಮ್ಲಜನಕ ಬೇಕು. ವರ್ಷಗಟ್ಟಲೆ ಶುಗರ್ ಏರಿಯೇ ಇದ್ದರೆ ಅಲ್ಲಿನ ಸಣ್ಣ ಸಣ್ಣ ರಕ್ತನಾಳಗಳು ಸೋರುತ್ತವೆ, ಆಮೇಲೆ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಆಮ್ಲಜನಕ ಸಾಲದ ರೆಟಿನಾ ಒಂದು ಪ್ರೋಟೀನನ್ನು ಹೊರಗೆ ಬಿಡುತ್ತದೆ. ಅದರ ಹೆಸರು ವಿಇಜಿಎಫ್. ಹೊಸ ನಾಳ ಬೆಳೆಯಲಿ ಎಂಬ ಸೂಚನೆ ಅದು. ನಾಳಗಳೇನೋ ಬೆಳೆಯುತ್ತವೆ, ಆದರೆ ರೆಟಿನಾದ ಒಳಗಲ್ಲ. ಅದರ ಮೇಲ್ಮೈ ದಾಟಿ ಕಣ್ಣಿನ ನಡುವಿನ ಲೋಳೆಯ ಕಡೆಗೆ ಹಬ್ಬುತ್ತವೆ. ಗೋಡೆ ತೆಳು. ಸಣ್ಣ ಎಳೆತಕ್ಕೂ ಒಡೆದು ರಕ್ತ ಸುರಿಯುತ್ತದೆ. ದಿನ ಕಳೆದಂತೆ ಅವುಗಳ ಜೊತೆ ನಾರಿನಂಥ ಪೊರೆ ಬೆಳೆದು, ಕುಗ್ಗಿ, ರೆಟಿನಾವನ್ನೇ ಗೋಡೆಯಿಂದ ಎಳೆದು ಕೀಳುತ್ತದೆ.

ನಂಗೆ ಚೆನ್ನಾಗೇ ಕಾಣ್ತಿದೆ, ಪೇಪರ್ ಓದ್ತೀನಿ. ಸುಮ್ನೆ ಯಾಕೆ ಚಿಕಿತ್ಸೆ?

ಓದಲು ಬಳಸುವುದು ರೆಟಿನಾದ ನಟ್ಟನಡುವಿನ ಚಿಕ್ಕ ಜಾಗವನ್ನು. ಅದಕ್ಕೆ ಮ್ಯಾಕ್ಯುಲಾ ಅನ್ನುತ್ತಾರೆ. ಹೊಸ ನಾಳಗಳು ಬೇರೆ ಕಡೆ ಹಬ್ಬಿದ್ದರೆ ನಿಮಗೆ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಗೋಡೆಯ ಮೇಲಿನ ಅಕ್ಷರದ ಚಾರ್ಟ್‌ನ ಕೊನೆಯ ಸಾಲನ್ನೂ ಓದಿಬಿಡುತ್ತೀರಿ. ಆದರೆ ಒಂದು ದಿನ ಬೆಳಗ್ಗೆ ಏಳುವಾಗ ಕಣ್ಣೊಳಗೆ ರಕ್ತ ತುಂಬಿರಬಹುದು.

ಈ ಕಾಯಿಲೆಯಲ್ಲಿ ನನಗೆ ಅತಿ ಕಷ್ಟವೆನಿಸುವ ಮಾತುಕತೆ ಇದೇ. ಚೆನ್ನಾಗಿ ಕಾಣುವವರಿಗೆ ಚಿಕಿತ್ಸೆ ಬೇಕು ಎಂದು ಒಪ್ಪಿಸುವುದು. ಆದರೆ ಚಿಕಿತ್ಸೆಯಿಂದ ಪೂರ್ತಿ ಲಾಭ ಸಿಗುವುದು ಅವರಿಗೇ. ಇರುವ ದೃಷ್ಟಿಯನ್ನು ಉಳಿಸುವುದು ಸುಲಭ, ಹೋದದ್ದನ್ನು ತರುವುದು ಕಷ್ಟ.

ನಂಗೆ ಶುಗರೇ ಇಲ್ಲ. ಮತ್ತೆ ಇದು ಹೇಗೆ ಬಂತು?

ಶುಗರ್ ಒಂದೇ ಕಾರಣವಲ್ಲ. ಬಿಪಿ ಇರುವವರಲ್ಲಿ ರೆಟಿನಾದ ಸಿರೆ ಕಟ್ಟಿಕೊಂಡು ಹೀಗಾಗಬಹುದು. ವಯಸ್ಸಾದವರಲ್ಲಿ ಮ್ಯಾಕ್ಯುಲಾದ ಕೆಳಗಿನಿಂದ ನಾಳಗಳು ನುಗ್ಗುತ್ತವೆ. ಅದು ಬೇರೆಯೇ ಜಾತಿ. ಅದರಲ್ಲಿ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತದೆ, ಎದುರಿನವರ ಮುಖದ ಮಧ್ಯೆ ಕಲೆ ಬೀಳುತ್ತದೆ. ಸಿಗರೇಟು ಸೇದುವವರಿಗೆ ಅಪಾಯ ಜಾಸ್ತಿ.

ನಮ್ಮ ಕಡೆ ಇನ್ನೊಂದಿದೆ, ಈಲ್ಸ್ ಕಾಯಿಲೆ. 1880ರಲ್ಲಿ ಹೆನ್ರಿ ಈಲ್ಸ್ ಎಂಬ ಬ್ರಿಟಿಷ್ ವೈದ್ಯ ಇದನ್ನು ವಿವರಿಸಿದ. ಈಗ ಭಾರತ ಮತ್ತು ಸುತ್ತಲಿನ ದೇಶಗಳಲ್ಲೇ ಹೆಚ್ಚಾಗಿ ಸಿಗುತ್ತದೆ. ಬರುವುದು ಬಹುಪಾಲು ಗಟ್ಟಿಮುಟ್ಟಾದ ಹರೆಯದ ಗಂಡಸರಿಗೆ. ರೆಟಿನಾದ ಅಂಚಿನ ನಾಳಗಳು ಉರಿಯೂತದಿಂದ ಮುಚ್ಚಿ, ಹೊಸವು ಹುಟ್ಟಿ, ಮತ್ತೆ ಮತ್ತೆ ರಕ್ತ ಸೋರುತ್ತದೆ. ಕ್ಷಯದ ಜೊತೆ ಇದಕ್ಕೆ ನಂಟಿದೆ. ಹಾಗಾಗಿ ಕಣ್ಣು ತೋರಿಸಲು ಬಂದ ಹುಡುಗನಿಗೆ ಎದೆಯ ಎಕ್ಸ್‌ರೇ ಬರೆದುಕೊಟ್ಟರೆ ಗಾಬರಿ ಬೇಡ.

ಪೊರೆ ತೆಗೆದ ಹಾಗೆ ಇದನ್ನೂ ತೆಗೆದುಬಿಡಿ. ಇಲ್ಲಾಂದ್ರೆ ದಾನ ಮಾಡಿದ ಕಣ್ಣು ಹಾಕಿಸ್ಕೊಳ್ಳೋಣ?

ನೀವು ಹೇಳುವ ಪೊರೆ (ಕ್ಯಾಟರಾಕ್ಟ್) ಬರುವುದು ಕಣ್ಣಿನ ಲೆನ್ಸ್‌ಗೆ. ಅದನ್ನು ತೆಗೆದು ಹೊಸ ಲೆನ್ಸ್ ಇಡಬಹುದು. ನೇತ್ರದಾನದಿಂದ ಸಿಗುವುದು ಕಾರ್ನಿಯಾ, ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ರೆಟಿನಾಗೆ ಬದಲಿ ಇಲ್ಲ. ಕನ್ನಡಕ ಬದಲಾಯಿಸಿದರೂ ಉಪಯೋಗವಿಲ್ಲ.

ಪೊರೆಯೂ ಇದೆ, ಇದೂ ಇದೆ ಎನ್ನುವವರು ಮೊದಲು ರೆಟಿನಾ ಸರಿಮಾಡಿಸಿಕೊಳ್ಳುವುದು ಒಳ್ಳೆಯದು. ನಾಳಗಳಿಂದ ಸೋರಿದ ನೀರಿಗೆ ಮ್ಯಾಕ್ಯುಲಾ ಊದಿಕೊಂಡಿದ್ದರೆ, ಪೊರೆ ಆಪರೇಷನ್ ಆದ ಮೇಲೆ ಆ ಊತ ಏರುವುದುಂಟು.

ಕಣ್ಣ ಮುಂದೆ ಕಪ್ಪು ಎಳೆಗಳು ತೇಲ್ತಿವೆ. ಸೋಮವಾರದವರೆಗೆ ಕಾಯಬಹುದಾ?

ವರ್ಷಗಳಿಂದ ಒಂದೆರಡು ಚುಕ್ಕೆ ತೇಲುತ್ತಿದ್ದರೆ ಕಾಯಬಹುದು. ಇದ್ದಕ್ಕಿದ್ದಂತೆ ರಾಶಿ ಚುಕ್ಕೆ ಬಂದರೆ, ಹೊಗೆ ಕವಿದಂತಾದರೆ, ಮಿಂಚು ಹೊಡೆದಂತೆ ಕಂಡರೆ, ಒಂದು ಬದಿಯಿಂದ ಪರದೆ ಇಳಿದಂತಾದರೆ ಕಾಯಬೇಡಿ. ಅವತ್ತೇ ರೆಟಿನಾ ಡಾಕ್ಟರ್ ಇರುವ ಆಸ್ಪತ್ರೆಗೆ ಹೋಗಿ.

## ಪರೀಕ್ಷೆಯ ಬಗ್ಗೆ

ಕನ್ನಡಕದ ಅಂಗಡೀಲಿ ಕಂಪ್ಯೂಟರ್ ಟೆಸ್ಟ್ ಮಾಡಿಸಿದೀನಿ. ಅದು ಸಾಲದಾ?

ಸಾಲದು. ಅದು ಕನ್ನಡಕದ ನಂಬರ್ ಅಳೆಯುತ್ತದೆ, ರೆಟಿನಾ ನೋಡುವುದಿಲ್ಲ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿದ ಮೇಲೆಯೇ ಅಂಚಿನವರೆಗೆ ಕಾಣುವುದು. ಸಾಮಾನ್ಯವಾಗಿ ದೊಡ್ಡವರಾದ ಮೇಲೆ ಬರುವ ಟೈಪ್ 2 ಶುಗರ್ ಇದ್ದರೆ, ಶುಗರ್ ಇದೆ ಎಂದು ಗೊತ್ತಾದ ತಕ್ಷಣ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿ. ಚಿಕ್ಕಂದಿನಲ್ಲೇ ಬರುವ ಟೈಪ್ 1 ಆದರೆ ಐದು ವರ್ಷದೊಳಗೆ ಶುರುಮಾಡಿ.

ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿರುತ್ತದೆ. ಬೈಕ್ ತರಬೇಡಿ, ಜೊತೆಗೆ ಒಬ್ಬರು ಬರಲಿ.

ಕೈಗೆ ಹಳದಿ ಬಣ್ಣದ ಔಷಧಿ ಚುಚ್ಚಿ ಫೋಟೋ ತೆಗೆದ್ರು. ಮೂತ್ರ ಎಲ್ಲ ಹಳದಿ ಆಗಿದೆ!

ಅದು ಫ್ಲೋರೆಸಿನ್ ಎಂಬ ಬಣ್ಣ. ರಕ್ತದ ಜೊತೆ ರೆಟಿನಾಗೆ ಹೋಗಿ, ಎಲ್ಲಿ ನಾಳ ಮುಚ್ಚಿದೆ, ಎಲ್ಲಿ ಸೋರುತ್ತಿದೆ ಎಂದು ಫೋಟೋದಲ್ಲಿ ತೋರಿಸುತ್ತದೆ. ಒಂದೆರಡು ದಿನದಲ್ಲಿ ಮೂತ್ರದ ಬಣ್ಣ ಸರಿಹೋಗುತ್ತದೆ. ಚುಚ್ಚಿದಾಗ ಸ್ವಲ್ಪ ವಾಕರಿಕೆ ಬರಬಹುದು. ಅಲರ್ಜಿ ಅಪರೂಪ, ಆದರೂ ಮೊದಲು ಯಾವುದಾದರೂ ಔಷಧಿಗೆ ಅಲರ್ಜಿ ಆಗಿದ್ದರೆ ಚುಚ್ಚುವ ಮುನ್ನ ಹೇಳಿ. ಗಲ್ಲ ಇಟ್ಟು ನೋಡುವ ಓಸಿಟಿ ಯಂತ್ರಕ್ಕೆ ಈ ಬಣ್ಣ ಬೇಡ. ಅದು ಮ್ಯಾಕ್ಯುಲಾದಲ್ಲಿ ಊತ ಎಷ್ಟಿದೆ ಎಂದು ಪದರ ಪದರವಾಗಿ ತೋರಿಸುತ್ತದೆ.

## ಇಂಜೆಕ್ಷನ್, ಲೇಸರ್, ಆಪರೇಷನ್

ಕಣ್ಣಿಗೇ ಸೂಜಿ ಚುಚ್ತಾರಾ? ನೆನೆಸ್ಕೊಂಡ್ರೇ ಕೈಕಾಲು ನಡುಗುತ್ತೆ.

ಹೌದು, ಕಣ್ಣಿಗೇ. ನೆನೆಸಿಕೊಂಡಾಗ ಆಗುವ ಭಯ ಚುಚ್ಚಿಸಿಕೊಂಡಾಗ ಇರುವುದಿಲ್ಲ. ಎರಡನೇ ಸಲಕ್ಕೆ ಬಂದವರಲ್ಲಿ ಬಹಳ ಮಂದಿ ಇದನ್ನೇ ಹೇಳುತ್ತಾರೆ.

ಮೊದಲು ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ. ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಹಾಕಿ ಶುಚಿ ಮಾಡುತ್ತಾರೆ. ಇಡೀ ಕೆಲಸದಲ್ಲಿ ಉರಿ ಎನ್ನಿಸುವುದು ಇದೇ, ಆದರೆ ಸೋಂಕು ತಡೆಯುವುದೂ ಇದೇ. ರೆಪ್ಪೆ ಮುಚ್ಚದಂತೆ ಒಂದು ಕ್ಲಿಪ್. ಕಪ್ಪುಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ಆಚೆ, ಬಿಳಿಯ ಭಾಗದಲ್ಲಿ ತುಂಬಾ ತೆಳ್ಳಗಿನ ಸೂಜಿ ಇಳಿಯುತ್ತದೆ. ಒಳಗೆ ಹೋಗುವುದು ವಿಇಜಿಎಫ್ ತಡೆಯುವ ಔಷಧಿ, ಸಾಮಾನ್ಯವಾಗಿ 0.05 ಮಿಲಿಲೀಟರ್, ಅಂದರೆ ಒಂದು ತೊಟ್ಟು. ಚುಚ್ಚುವುದು ಕೆಲವೇ ಸೆಕೆಂಡಿನ ಕೆಲಸ, ತಯಾರಿಗೇ ಜಾಸ್ತಿ ಹೊತ್ತು. ಸೂಜಿ ಎದುರಿನಿಂದ ಬರುವುದಿಲ್ಲ, ನಿಮ್ಮನ್ನು ಬೇರೆ ಕಡೆ ನೋಡಲು ಹೇಳಿರುತ್ತಾರೆ. ಮನೆಗೆ ಅವತ್ತೇ ಹೋಗಬಹುದು.

ಮರುದಿನ ಬಿಳಿಯಲ್ಲಿ ಕೆಂಪು ಮಚ್ಚೆ ಕಂಡರೆ ಹೆದರಬೇಡಿ, ಒಂದೆರಡು ವಾರದಲ್ಲಿ ಕರಗುತ್ತದೆ. ಗುಳ್ಳೆಯಂತೆ ದುಂಡಗೆ ತೇಲುವುದು ಔಷಧಿ ಜೊತೆ ಹೋದ ಗಾಳಿ. ಹೆದರಬೇಕಾದದ್ದು ಇನ್ನೊಂದಿದೆ. ಒಂದೆರಡು ದಿನ ಬಿಟ್ಟು ನೋವು ಏರುತ್ತಾ ಹೋಗುವುದು, ಬೆಳಕು ನೋಡಲಾಗದಿರುವುದು, ದೃಷ್ಟಿ ಇಳಿಯುವುದು. ಅದು ಕಣ್ಣೊಳಗಿನ ಸೋಂಕಿರಬಹುದು. ಕೆಲವು ಸಾವಿರ ಇಂಜೆಕ್ಷನ್‌ಗೆ ಒಂದರಂತೆ ಆಗುವಷ್ಟು ಅಪರೂಪ, ಆದರೆ ಗಂಟೆಗಳೊಳಗೆ ಚಿಕಿತ್ಸೆ ಬೇಕು. ರಾತ್ರಿಯಾದರೂ ಸರಿ, ಹೋಗಿ.

ಅದು ಕ್ಯಾನ್ಸರ್ ಔಷಧಿ ಅಂತೆ. ನಂಗೆ ಕ್ಯಾನ್ಸರ್ ಇದೆಯಾ? ಅಥವಾ ಕಡಿಮೆ ದುಡ್ಡಿಂದು ಅಂತ ಕೊಡ್ತಾರಾ?

ನಿಮಗೆ ಕ್ಯಾನ್ಸರ್ ಇಲ್ಲ. ಕಥೆ ಸ್ವಲ್ಪ ಉದ್ದ, ಆದರೆ ಕೇಳುವಂಥದ್ದು.

1948ರಲ್ಲೇ ಐಸಾಕ್ ಮೈಕಲ್ಸನ್ ಎಂಬ ಕಣ್ಣಿನ ತಜ್ಞ, ಆಮ್ಲಜನಕ ಸಿಗದ ರೆಟಿನಾ ನಾಳ ಬೆಳೆಸುವ ಯಾವುದೋ ವಸ್ತು ಬಿಡುತ್ತಿರಬೇಕು ಎಂದು ಊಹಿಸಿದ. ಅದೇನೆಂದು ಅವನ ಕಾಲಕ್ಕೆ ಸಿಗಲಿಲ್ಲ. ಮುಂದೆ ಕ್ಯಾನ್ಸರ್ ಗಡ್ಡೆಗಳು ರಕ್ತನಾಳ ಬೆಳೆಸಿಕೊಳ್ಳುವುದು ಹೇಗೆ ಎಂದು ಹುಡುಕುತ್ತಿದ್ದವರ ಕೆಲಸವೂ ಇದಕ್ಕೇ ಬಂದು ಸೇರಿತು. 1989ರಲ್ಲಿ ನೆಪೋಲಿಯೋನ್ ಫೆರಾರಾ ಮತ್ತು ಅವರ ಜೊತೆಗಾರರು ವಿಇಜಿಎಫ್ ಅನ್ನು ಬೇರ್ಪಡಿಸಿ ತೋರಿಸಿದರು. ಅದನ್ನು ತಡೆಯುವ ಬೆವಾಸಿಜುಮ್ಯಾಬ್ (ಅವಾಸ್ಟಿನ್) 2004ರಲ್ಲಿ ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಬಂತು. ಮರುವರ್ಷ ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ ಅದರ ಒಂದು ತೊಟ್ಟನ್ನು ಕಣ್ಣಿಗೆ ಕೊಟ್ಟು ನೋಡಿದರು. ಊತ ಇಳಿಯಿತು. ಕಣ್ಣಿಗೆಂದೇ ಮಾಡಿದ ರಾನಿಬಿಜುಮ್ಯಾಬ್‌ಗೆ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ.

ಬೆಲೆಯ ವ್ಯತ್ಯಾಸ ಎಲ್ಲಿಂದ ಬಂತು ನೋಡಿ. ಅವಾಸ್ಟಿನ್‌ನ ಸಣ್ಣ ಬಾಟಲಿಯಲ್ಲಿ 100 ಮಿಲಿಗ್ರಾಂ ಇರುತ್ತದೆ. ಕಣ್ಣಿಗೆ ಬೇಕಾದದ್ದು 1.25 ಮಿಲಿಗ್ರಾಂ. ಒಂದು ಬಾಟಲಿಯನ್ನು ಎಷ್ಟೋ ಕಣ್ಣಿಗೆ ಹಂಚಬಹುದು. ವಯಸ್ಸಿನಿಂದ ಬರುವ ಮ್ಯಾಕ್ಯುಲಾ ಕಾಯಿಲೆಯಲ್ಲಿ ಅವಾಸ್ಟಿನ್, ರಾನಿಬಿಜುಮ್ಯಾಬ್ ಎರಡನ್ನೂ ಹೋಲಿಸಿದ ಅಮೆರಿಕದ ಸರ್ಕಾರಿ ಹಣದ ಅಧ್ಯಯನ 2011ರಲ್ಲಿ ಹೊರಬಂತು. ಒಂದು ವರ್ಷದ ಕೊನೆಗೆ ದೃಷ್ಟಿಯ ಲಾಭ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಅಗ್ಗದ್ದು ಎಂದರೆ ಕಳಪೆ ಎಂದಲ್ಲ. ಇರುವ ತೊಂದರೆ ಹಂಚುವಾಗ. ಶುಚಿ ತಪ್ಪಿದರೆ ಒಂದೇ ಬಾಟಲಿಯಿಂದ ಹಲವರಿಗೆ ಸೋಂಕು ತಗಲುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಇದು: ಔಷಧಿಯನ್ನು ಎಲ್ಲಿ, ಹೇಗೆ ಸಿರಿಂಜ್‌ಗೆ ತುಂಬುತ್ತೀರಿ? ಒಳ್ಳೆಯ ಆಸ್ಪತ್ರೆಯವರು ಬೇಸರವಿಲ್ಲದೆ ಹೇಳುತ್ತಾರೆ. ಭಾರತದಲ್ಲೇ ತಯಾರಾದ ರಾನಿಬಿಜುಮ್ಯಾಬ್ 2015ರಿಂದ ಸಿಗುತ್ತಿದೆ. ಅದರ ಬೆಲೆ ಇವೆರಡರ ನಡುವೆ.

ಒಂದು ಇಂಜೆಕ್ಷನ್‌ಗೆ ಮುಗಿಯುತ್ತಾ?

ಬಹುತೇಕ ಇಲ್ಲ. ಔಷಧಿ ಕಣ್ಣಿನಲ್ಲಿ ಕೆಲವು ವಾರ ಇದ್ದು ಹೋಗಿಬಿಡುತ್ತದೆ. ಮೊದಲು ತಿಂಗಳಿಗೊಂದರಂತೆ ಕೆಲವು ಕೊಡುತ್ತಾರೆ, ಆಮೇಲೆ ಸ್ಕ್ಯಾನ್ ನೋಡಿ ಅಂತರ ಹೆಚ್ಚಿಸುತ್ತಾರೆ. ಶುಗರ್‌ನಿಂದ ಬಂದ ಊತಕ್ಕೆ ಮೊದಲ ವರ್ಷ ಜಾಸ್ತಿ, ಆಮೇಲಿನ ವರ್ಷಗಳಲ್ಲಿ ಕಮ್ಮಿ ಬೇಕಾಗುತ್ತದೆ. ವಯಸ್ಸಿನ ಮ್ಯಾಕ್ಯುಲಾ ಕಾಯಿಲೆಯಲ್ಲಿ ವರ್ಷಗಟ್ಟಲೆ ನಡೆಯಬಹುದು. ಇದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಖರ್ಚಿನ ಲೆಕ್ಕವೂ ಆಗ ಸರಿ ಸಿಗುತ್ತದೆ.

ಚೆನ್ನಾಗಿರೋ ರೆಟಿನಾನ ಲೇಸರ್‌ನಿಂದ ಸುಡೋದು ಅಂದ್ರೆ ಏನರ್ಥ?

ಬೋರ್‌ವೆಲ್ ನೀರು ಕಡಿಮೆಯಾದಾಗ ರೈತ ಅಂಚಿನ ಮಡಿಗಳ ಆಸೆ ಬಿಟ್ಟು ನಡುವಿನ ಬೆಳೆಗೆ ನೀರು ಹಾಯಿಸುವುದಿಲ್ಲವೇ, ಅದೇ ಲೆಕ್ಕ. ಆಮ್ಲಜನಕ ಸಾಲದೆ ಸದಾ ವಿಇಜಿಎಫ್ ಬಿಡುತ್ತಿರುವುದು ರೆಟಿನಾದ ಅಂಚುಗಳು. ಅಲ್ಲಿ ಸಾವಿರಕ್ಕೂ ಜಾಸ್ತಿ ಸಣ್ಣ ಚುಕ್ಕೆಗಳನ್ನು ಸುಟ್ಟರೆ ಬೇಡಿಕೆ ತಗ್ಗುತ್ತದೆ, ಹೊಸ ನಾಳಗಳು ಒಣಗುತ್ತವೆ. ಇದು ಹಳೆಯ ಚಿಕಿತ್ಸೆಯೇ. ಹೀಗೆ ಮಾಡಿದರೆ ತೀವ್ರ ದೃಷ್ಟಿನಷ್ಟ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 1976ರಲ್ಲೇ ತೋರಿಸಿತ್ತು.

ಬೆಲೆ ತೆರಬೇಕು. ರಾತ್ರಿ ದೃಷ್ಟಿ ಸ್ವಲ್ಪ ಕುಗ್ಗುತ್ತದೆ, ಬದಿಯ ನೋಟ ಕಿರಿದಾಗಬಹುದು, ಕೆಲವು ವಾರ ಮಂಜಿರಬಹುದು. "ಲೇಸರ್ ಆದ ಮೇಲೂ ದೃಷ್ಟಿ ಜಾಸ್ತಿ ಆಗಲಿಲ್ಲ" ಎಂದು ಬೇಸರಪಡುವವರಿದ್ದಾರೆ. ಜಾಸ್ತಿ ಮಾಡಲು ಕೊಟ್ಟದ್ದಲ್ಲ ಅದು, ಇರುವುದನ್ನು ಉಳಿಸಲು ಕೊಟ್ಟದ್ದು.

ಹಾಗಾದ್ರೆ ಲೇಸರ್ ಬಿಟ್ಟು ಬರೀ ಇಂಜೆಕ್ಷನ್ ತಗೊಂಡ್ರೆ ಆಗಲ್ವಾ?

ಕಾಗದದ ಮೇಲೆ ಆಗುತ್ತದೆ. ಮುಂದುವರಿದ ಶುಗರ್ ಕಣ್ಣಿನಲ್ಲಿ ಎರಡು ವರ್ಷದ ಫಲಿತಾಂಶ ಲೇಸರ್‌ಗಿಂತ ಕಡಿಮೆಯಿಲ್ಲ ಎಂದು 2015ರ ಒಂದು ಅಧ್ಯಯನ ತೋರಿಸಿತು. ಆದರೆ ಅದರಲ್ಲಿದ್ದವರನ್ನು ಫೋನ್ ಮಾಡಿ ಕರೆಸುತ್ತಿದ್ದರು.

ನಮ್ಮಲ್ಲಿ ಏನಾಗುತ್ತದೆ? ಕೊಯ್ಲು ಬರುತ್ತದೆ, ಮಗಳ ಮದುವೆ ಬರುತ್ತದೆ, ಕರೆದುಕೊಂಡು ಬರುವ ಮಗನಿಗೆ ರಜೆ ಸಿಗುವುದಿಲ್ಲ. ಆರು ತಿಂಗಳು ಕಳೆದುಹೋಗುತ್ತದೆ. ಇಂಜೆಕ್ಷನ್ ಮಾತ್ರ ಪಡೆದು ತಪ್ಪಿಸಿಕೊಂಡ ಕಣ್ಣಿನಲ್ಲಿ ನಾಳಗಳು ಮತ್ತೆ ಏಳುತ್ತವೆ, ರೆಟಿನಾ ಕಿತ್ತುಕೊಂಡು ಬರುವವರೂ ಇದ್ದಾರೆ. ಲೇಸರ್ ಆಗಿದ್ದ ಕಣ್ಣು ಇಷ್ಟು ಕೆಡುವುದಿಲ್ಲ, ಅದರ ಕೆಲಸ ನೀವು ಬರದಿದ್ದರೂ ನಡೆಯುತ್ತಿರುತ್ತದೆ. ದೂರದ ಊರಿನವರು, ಒಬ್ಬರೇ ಓಡಾಡಲಾಗದವರು ಲೇಸರ್ ಬೇಡ ಎನ್ನಬಾರದು ಎಂಬುದು ನನ್ನ ಅನಿಸಿಕೆ. ಮ್ಯಾಕ್ಯುಲಾದಲ್ಲಿ ಊತವೂ ಇದ್ದರೆ ಎರಡೂ ಬೇಕಾಗುತ್ತದೆ.

ಕಣ್ಣೊಳಗೆ ರಕ್ತ ತುಂಬಿದೆ, ಆದ್ರೂ ಕಾಯೋಣ ಅಂದ್ರು. ಯಾಕೆ?

ರಕ್ತ ಎಷ್ಟೋ ಸಲ ತಾನಾಗಿ ಕರಗುತ್ತದೆ. ಅಲ್ಲಿಯವರೆಗೆ ತಲೆ ಎತ್ತರಕ್ಕಿಟ್ಟು ಮಲಗಿ, ಭಾರ ಎತ್ತಬೇಡಿ. ಹಿಂದೆ ರೆಟಿನಾ ಹೇಗಿದೆ ಎಂದು ಕಾಣದಿದ್ದರೆ ಅಲ್ಟ್ರಾಸೌಂಡ್ ಮಾಡುತ್ತಾರೆ. ಕರಗದಿದ್ದರೆ, ರೆಟಿನಾ ಎಳೆತದಲ್ಲಿದ್ದರೆ ವಿಟ್ರೆಕ್ಟಮಿ ಎಂಬ ಆಪರೇಷನ್. ಸಣ್ಣ ತೂತುಗಳಿಂದ ರಕ್ತ ಬೆರೆತ ಲೋಳೆ ತೆಗೆದು, ಎಳೆಯುತ್ತಿರುವ ನಾರಿನ ಪೊರೆ ಬಿಡಿಸುತ್ತಾರೆ. ಇದನ್ನು ಮೊದಲು ಮಾಡಿದವರು ರಾಬರ್ಟ್ ಮ್ಯಾಕೆಮರ್, 1970ರಲ್ಲಿ.

ಕೊನೆಗೆ ಕಣ್ಣಿಗೆ ಗ್ಯಾಸ್ ತುಂಬಿದ್ದರೆ ಅದು ಪೂರ್ತಿ ಕರಗುವವರೆಗೆ ವಿಮಾನ ಹತ್ತುವಂತಿಲ್ಲ. ಎತ್ತರಕ್ಕೆ ಹೋದಂತೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ವಿಮಾನ ಮಾತ್ರವಲ್ಲ, ಘಾಟಿ ಕೂಡ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಮಡಿಕೇರಿಗೆ ಮರಳುವವರು ಹೊರಡುವ ಮೊದಲು ಕೇಳಲೇಬೇಕು.

ಇನ್ಶೂರೆನ್ಸ್‌ನವರು ಅಡ್ಮಿಟ್ ಆಗದೆ ಕೊಡಲ್ಲ ಅಂತಾರೆ.

ಕಣ್ಣೊಳಗಿನ ಇಂಜೆಕ್ಷನ್ ಹೊಸ ಕಾಲದ ಚಿಕಿತ್ಸೆಗಳ ಪಟ್ಟಿಯಲ್ಲಿದೆ, ಅದನ್ನು ಪಾಲಿಸಿಯಿಂದ ಹೊರಗಿಡಬಾರದು ಎಂದು ವಿಮಾ ನಿಯಂತ್ರಕರಾದ ಐಆರ್‌ಡಿಎಐ 2019ರಲ್ಲಿ ಹೇಳಿದೆ. ಮಿತಿ ಹಾಕಲು ಕಂಪನಿಗೆ ಅವಕಾಶ ಇದೆ. ಪಾಲಿಸಿಯಲ್ಲಿ ಆ ಸಾಲು ಹುಡುಕಿ ತೋರಿಸಿ.

## ದಿನದ ಬದುಕು

ಕಷ್ಟಪಟ್ಟು ಶುಗರ್ ಇಳಿಸಿದೆ. ಈಗ ಕಣ್ಣು ಇನ್ನೂ ಕೆಟ್ಟಿದೆ ಅಂತಾರಲ್ಲ!

ಅನ್ಯಾಯ ಅನ್ನಿಸುತ್ತದೆ, ಆದರೆ ಇದು ನಿಜ. ಬಹಳ ದಿನ ಏರಿದ್ದ ಶುಗರ್ ಬೇಗ ಇಳಿದಾಗ ಮೊದಲ ತಿಂಗಳುಗಳಲ್ಲಿ ರೆಟಿನಾ ಸ್ವಲ್ಪ ಕೆಡಬಹುದು. ಇನ್ಸುಲಿನ್ ಶುರುಮಾಡಿದಾಗಲೂ, ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್ ಶುರುಮಾಡಿದಾಗಲೂ ಇದು ಕಂಡಿದೆ. ವರ್ಷಗಳ ಲೆಕ್ಕದಲ್ಲಿ ನೋಡಿದರೆ ಶುಗರ್ ಇಳಿಸಿದವರೇ ಗೆಲ್ಲುವುದು, ಹಾಗಾಗಿ ಬಿಡಬೇಡಿ. ಔಷಧಿ ಬದಲಿಸುವ ಮೊದಲು ಒಮ್ಮೆ, ಬದಲಿಸಿದ ಕೆಲವು ತಿಂಗಳಿಗೆ ಒಮ್ಮೆ ಕಣ್ಣು ತೋರಿಸಿ. ಬಿಪಿಯನ್ನೂ ನೋಡಿಕೊಳ್ಳಿ.

ಹಾರ್ಟ್‌ಗೆ ಅಂತ ಆಸ್ಪಿರಿನ್ ತಗೋತೀನಿ. ರಕ್ತ ಸೋರ್ತಿದೆ ಅಂತ ನಿಲ್ಲಿಸ್ಲಾ?

ನೀವಾಗಿ ನಿಲ್ಲಿಸಬೇಡಿ. ಆಸ್ಪಿರಿನ್‌ನಿಂದ ಶುಗರ್ ಕಣ್ಣಿನ ರಕ್ತಸ್ರಾವ ಜಾಸ್ತಿಯಾಗುವುದಿಲ್ಲ ಎಂದು ದೊಡ್ಡ ಅಧ್ಯಯನದಲ್ಲೇ ಗೊತ್ತಾಗಿದೆ. ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು ಆಗಿದ್ದರೆ ಕಣ್ಣಿನ ಇಂಜೆಕ್ಷನ್‌ಗೆ ಮುಂಚೆ ಹೇಳಿ.

ಕ್ಯಾರೆಟ್, ಜೇನುತುಪ್ಪದ ಡ್ರಾಪ್ಸ್, ತುಪ್ಪ ತುಂಬಿಸೋದು... ಏನಾದ್ರೂ ಆಗುತ್ತಾ?

ಕ್ಯಾರೆಟ್ ತಿನ್ನಿ, ಒಳ್ಳೆಯ ತರಕಾರಿ. ಹೊಸ ನಾಳವನ್ನು ಅದು ಒಣಗಿಸುವುದಿಲ್ಲ. ಕಣ್ಣಿನ ಮೇಲೆ ಹಾಕಿದ ಜೇನು, ತುಪ್ಪ ಹಿಂದಿನ ರೆಟಿನಾವನ್ನು ಮುಟ್ಟುವುದೇ ಇಲ್ಲ. ಇಂಜೆಕ್ಷನ್ ಆದ ವಾರದಲ್ಲಂತೂ ಇಂಥವು ಬೇಡವೇ ಬೇಡ.

ಮಗಳಿಗೆ ಶುಗರ್ ಇದೆ, ಈಗ ಗರ್ಭಿಣಿ. ಕಣ್ಣು ತೋರಿಸಬೇಕಾ?

ಮೊದಲೇ ಶುಗರ್ ಇದ್ದವರು ಮೊದಲ ಮೂರು ತಿಂಗಳೊಳಗೇ ತೋರಿಸಬೇಕು. ಬಸಿರಿನಲ್ಲಿ ಈ ಕಾಯಿಲೆ ಬೇಗ ಮುಂದುವರಿಯುವುದುಂಟು. ಬೇಕಾದರೆ ಲೇಸರ್ ಮಾಡಬಹುದು, ಮಗುವಿಗೆ ತೊಂದರೆಯಿಲ್ಲ. ವಿಇಜಿಎಫ್ ತಡೆಯುವ ಇಂಜೆಕ್ಷನ್ ಆದಷ್ಟು ಕೊಡುವುದಿಲ್ಲ, ಬೆಳೆಯುವ ಕೂಸಿಗೆ ಆ ಪ್ರೋಟೀನ್ ಬೇಕು. ಬಸಿರಿನಲ್ಲಿ ಮಾತ್ರ ಕಾಣಿಸಿಕೊಂಡ ಶುಗರ್ ಆದರೆ ಈ ಭಯ ಬಹಳ ಕಮ್ಮಿ.

## ತಿಂಗಳು ತುಂಬದ ಕೂಸುಗಳು

ಮಗು ಏಳೂವರೆ ತಿಂಗಳಿಗೇ ಹುಟ್ಟಿತು. ಈಗ ತೂಕ ಬಂದಿದೆ, ಚೆನ್ನಾಗಿದೆ. ಕಣ್ಣಿನ ಪರೀಕ್ಷೆ ಯಾಕೆ?

ಗರ್ಭದಲ್ಲಿ ರೆಟಿನಾದ ನಾಳಗಳು ನಡುವಿನಿಂದ ಅಂಚಿನ ಕಡೆಗೆ ಬೆಳೆಯುತ್ತಾ, ಹೆರಿಗೆಯ ಹೊತ್ತಿಗೆ ಅಂಚು ಮುಟ್ಟುತ್ತವೆ. ಬೇಗ ಹುಟ್ಟಿದ ಮಗುವಿನಲ್ಲಿ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಜೀವ ಉಳಿಸಲು ಕೊಡುವ ಆಮ್ಲಜನಕವೂ ಹೆಚ್ಚಾದರೆ ತೊಂದರೆ ಕೊಡುತ್ತದೆ. ಆಮೇಲೆ ನಾಳಗಳು ದಾರಿ ತಪ್ಪಿ ಬೆಳೆಯುತ್ತವೆ. ಇದಕ್ಕೆ ಆರ್‌ಓಪಿ ಎನ್ನುತ್ತಾರೆ. ಈಗ ತೂಕ ಬಂದಿದೆ ಎಂದರೆ ಅಪಾಯ ಕಳೆಯಿತು ಎಂದಲ್ಲ, ಹಾಲು ಕುಡಿದು ದುಂಡಗಿರುವ ಮಗುವಿಗೂ ಬರಬಹುದು.

34 ವಾರಕ್ಕೆ ಮುಂಚೆ ಹುಟ್ಟಿದ, ಅಥವಾ ಹುಟ್ಟುವಾಗ 2 ಕಿಲೋಗಿಂತ ಕಡಿಮೆ ತೂಕವಿದ್ದ ಮಕ್ಕಳಿಗೆ ಹುಟ್ಟಿದ 30 ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು. ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ, ಎರಡು ಮೂರು ವಾರಕ್ಕೇ. ಬಾಣಂತನ, ಮನೆಯಿಂದ ಹೊರಗೆ ತರಬಾರದು ಎಂಬ ಮಾತು ಇಲ್ಲಿ ಅಡ್ಡ ಬರುತ್ತದೆ. ದಯವಿಟ್ಟು ಅಜ್ಜಿಗೂ ಇದನ್ನು ಓದಿ ಹೇಳಿ. ಚಿಕಿತ್ಸೆ ಬೇಕೆಂದು ಗೊತ್ತಾದರೆ ಎರಡು ಮೂರು ದಿನದೊಳಗೆ ಮಾಡಬೇಕು.

ನಮ್ಮೂರಲ್ಲಿ ಇದನ್ನ ನೋಡೋ ಡಾಕ್ಟರೇ ಇಲ್ಲ.

ಕರ್ನಾಟಕದಲ್ಲಿ ಇದಕ್ಕೊಂದು ದಾರಿ ಹುಡುಕಿದ್ದು ಕಿಡ್‌ರಾಪ್ ಯೋಜನೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಮಗುವಿನ ರೆಟಿನಾದ ಫೋಟೋ ಇಂಟರ್‌ನೆಟ್‌ನಲ್ಲಿ ತಜ್ಞರಿಗೆ ತಲುಪುತ್ತದೆ. ನಿಮ್ಮ ಮಗು ಇರುವ ಘಟಕದಲ್ಲಿ "ಆರ್‌ಓಪಿ ತಪಾಸಣೆ ಯಾವ ದಿನ?" ಎಂದು ಡಿಸ್ಚಾರ್ಜ್‌ಗೆ ಮೊದಲೇ ಕೇಳಿ ಬರೆಸಿಕೊಳ್ಳಿ.

## ಇನ್ನೂ ಆಳಕ್ಕೆ ಹೋದವರ ಪ್ರಶ್ನೆಗಳು

ಮಗುವಿಗೆ ಲೇಸರ್ ಬದಲು ಇಂಜೆಕ್ಷನ್ ಕೊಟ್ರು. ಅದ್ರ ಮೇಲೆ ತಿಂಗಳುಗಟ್ಟಲೆ ಯಾಕೆ ಕರೀತಾರೆ?

ಇಂಜೆಕ್ಷನ್ ನಾಳಗಳನ್ನು ಬೇಗ ಒಣಗಿಸುತ್ತದೆ. ಆದರೆ ಅಂಚಿನವರೆಗೆ ಸರಿಯಾದ ನಾಳ ಬೆಳೆಯದಿದ್ದರೆ ಔಷಧಿ ಇಳಿದ ಮೇಲೆ ಕಾಯಿಲೆ ಮರಳಬಹುದು, ಅದೂ ತಿಂಗಳುಗಳ ನಂತರ. ಲೇಸರ್‌ನಲ್ಲಿ ಹೀಗೆ ತಡವಾಗಿ ಮರಳುವುದು ಕಮ್ಮಿ. ಮುಂದೆ ಮೈನಸ್ ನಂಬರ್, ಮೆಳ್ಳೆಗಣ್ಣು ಬರುವ ಸಾಧ್ಯತೆಯೂ ಇದೆ, ಹಾಗಾಗಿ ಶಾಲೆಗೆ ಹೋಗುವವರೆಗೂ ತೋರಿಸುತ್ತಿರಬೇಕು.

ಆಪರೇಷನ್‌ಗೆ ಮೊದಲು ಇಂಜೆಕ್ಷನ್ ಕೊಟ್ಟು, ವಾರದೊಳಗೇ ಬನ್ನಿ ಅಂತ ಅವಸರ ಮಾಡಿದ್ರು. ಯಾಕೆ?

ಇಂಜೆಕ್ಷನ್ ನಾಳಗಳನ್ನು ಒಣಗಿಸಿದರೆ ಆಪರೇಷನ್ ವೇಳೆ ರಕ್ತ ಕಮ್ಮಿ ಸೋರುತ್ತದೆ. ಆದರೆ ನಾಳ ಒಣಗುವಾಗ ಜೊತೆಗಿನ ನಾರಿನ ಪೊರೆ ಬಿಗಿಯುತ್ತದೆ. ಎಳೆತ ಏರಿ ರೆಟಿನಾ ಇನ್ನಷ್ಟು ಕಿತ್ತುಬರಬಹುದು. ಹಾಗಾಗಿ ಈ ಎರಡರ ನಡುವೆ ಕೆಲವೇ ದಿನ. ಕೊಟ್ಟ ತಾರೀಕು ತಪ್ಪಿಸಬೇಡಿ.

ಕಣ್ಣು ಕೆಂಪಾಗಿ ಭಾರಿ ನೋವು, ಪ್ರೆಶರ್ ಏರಿದೆ ಅಂದ್ರು. ಇದೂ ಅದೇ ಕಾಯಿಲೆನಾ?

ಇರಬಹುದು. ವಿಇಜಿಎಫ್ ಕಣ್ಣಿನ ಮುಂಭಾಗಕ್ಕೂ ಹರಿದು ಬಂದು, ಪಾಪೆಯ ಸುತ್ತಲಿನ ಪದರದ ಮೇಲೆ ನಾಳ ಬೆಳೆಸುತ್ತದೆ. ಅವು ಕಣ್ಣಿನ ನೀರು ಹೊರಹೋಗುವ ದಾರಿಯನ್ನು ಮುಚ್ಚುತ್ತವೆ. ರೆಟಿನಾದ ಮುಖ್ಯ ಸಿರೆ ಕಟ್ಟಿಕೊಂಡವರಲ್ಲಿ ಸುಮಾರು ಮೂರು ತಿಂಗಳ ಹೊತ್ತಿಗೆ ಇದು ಕಾಣಿಸಿಕೊಳ್ಳುವುದರಿಂದ ಹಳೆಯ ಡಾಕ್ಟರುಗಳು ಇದನ್ನು ನೂರು ದಿನದ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಎನ್ನುತ್ತಿದ್ದರು. ಡ್ರಾಪ್ಸ್ ಒಂದೇ ಸಾಲದು, ಇಂಜೆಕ್ಷನ್ ಮತ್ತು ಲೇಸರ್ ಎರಡೂ ಬೇಕಾಗುತ್ತವೆ.

ನಾಲ್ಕು ತಿಂಗಳಿಗೊಂದೇ ಸಾಕಾಗೋ ಹೊಸ ಇಂಜೆಕ್ಷನ್ ಬಂದಿದೆ ಅಂತೆ. ಅದಕ್ಕೆ ಬದಲಾಯಿಸ್ಲಾ?

2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫಾರಿಸಿಮ್ಯಾಬ್ ವಿಇಜಿಎಫ್ ಜೊತೆ ಇನ್ನೊಂದು ಪ್ರೋಟೀನನ್ನೂ ತಡೆಯುತ್ತದೆ. ಕೆಲವರಲ್ಲಿ ಅಂತರ 16 ವಾರದವರೆಗೆ ಹೋಗುತ್ತದೆ, ಎಲ್ಲರಲ್ಲೂ ಅಲ್ಲ. ಶುರುವಿನ ತಿಂಗಳಿಗೊಂದರ ಸುತ್ತು ಅದರಲ್ಲೂ ಇದೆ. ಈಗಿನ ಔಷಧಿಯಲ್ಲೇ ನಿಮ್ಮ ಕಣ್ಣು ಒಣಗಿ, ಅಂತರ ಹಿಗ್ಗುತ್ತಿದ್ದರೆ ಬದಲಿಸುವ ಅಗತ್ಯವಿಲ್ಲ. ತಿಂಗಳು ತಿಂಗಳು ಚುಚ್ಚಿಸಿಕೊಂಡರೂ ಸ್ಕ್ಯಾನ್‌ನಲ್ಲಿ ನೀರು ಹಾಗೇ ಉಳಿದಿದ್ದರೆ ಆಗ ಡಾಕ್ಟರ ಬಳಿ ಈ ಹೆಸರು ಎತ್ತಿ. ಹಳೆಯ ಸ್ಕ್ಯಾನ್‌ಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ ತೆಗೆದುಕೊಂಡು ಹೋಗಿ, ಮಾತು ಬೇಗ ಮುಗಿಯುತ್ತದೆ.